ಕ್ಯಾನ್‌ಗೂ ಮೊದಲು ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಮುಗಿದರೆ ಸಾಕು, ನಮ್ಮ ಹಾಸ್ಟೆಲ್‌ನಲ್ಲಿ ಲಡಾಖ್ ಪ್ರವಾಸದ್ದೇ ಮಾತು. ಮನಾಲಿ–ಲೇಹ್ ಹಾದಿಯ ತಾಂಡಿಯಲ್ಲಿರುವ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕದ ಫೋಟೊ ನೋಡಿದವರು, ಜೀಪಿನಲ್ಲಿ ಬಾಟಲಿಗಟ್ಟಲೆ ಪೆಟ್ರೋಲ್ ಒಯ್ಯೋಣ ಎನ್ನುತ್ತಾರೆ. ನಾನು ಹೇಳುವುದಿಷ್ಟೇ: ಮೊದಲು ಲೆಕ್ಕ ಹಾಕಿ. 60 ಲೀಟರ್ ಟ್ಯಾಂಕಿನ ಗಾಡಿ ಲೀಟರಿಗೆ 10 ಕಿ.ಮೀ. ಕೊಟ್ಟರೂ 600 ಕಿ.ಮೀ. ಓಡುತ್ತದೆ!

ಟ್ಯಾಂಕ್ ಚಿಕ್ಕದಾಗಿದ್ದು, ಒಯ್ಯಲೇಬೇಕಾದರೆ ಇಂಧನಕ್ಕೆಂದೇ ತಯಾರಾದ ಜೆರಿಕ್ಯಾನ್ ಇರಲಿ. ತಂಪು ಪಾನೀಯದ ಬಾಟಲಿ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ಗಾಡಿಯ ತಳದಲ್ಲೇ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಕಿಡಿ ಸಾಕು.

ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಗಾಡಿಯೊಳಗಿಟ್ಟರೆ ಸ್ಥಿರ ವಿದ್ಯುತ್ ಭೂಮಿಗೆ ಇಳಿಯದೆ ಕಿಡಿ ಹಾರಬಹುದು. ಕಂಠಪೂರ್ತಿ ತುಂಬಿಸಬೇಡಿ. 20 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 400 ಮಿ.ಲೀ. ಹಿಗ್ಗುತ್ತದೆ. ಎತ್ತರಕ್ಕೆ ಏರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಕ್ಯಾನ್ ಉಬ್ಬುತ್ತದೆ. ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ.

20 ಲೀಟರ್ ಪೆಟ್ರೋಲ್ ಎಂದರೆ ಸುಮಾರು 15 ಕೆ.ಜಿ. ಅಷ್ಟು ಭಾರ ಚಾವಣಿಯ ಮೇಲಿದ್ದರೆ ಓರೆ ದಾರಿಯಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚು. ಜನ ಕೂರುವ ಕಡೆಯೂ ಬೇಡ. ಹೊರಗೆ, ಆದಷ್ಟು ಕೆಳಗೆ, ಸೈಲೆನ್ಸರ್‌ನಿಂದ ದೂರದಲ್ಲಿ ಬಿಗಿಯಾಗಿ ಕಟ್ಟಿ. ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಸುರಿದು ಕ್ಯಾನ್ ಖಾಲಿ ಮಾಡಿ. ಖಾಲಿ ಕ್ಯಾನಿನಲ್ಲೂ ಆವಿ ಇರುತ್ತದೆ, ಮುಚ್ಚಳ ಹಾಕಲು ಮರೆಯಬೇಡಿ.