ಖಾಂಡಸ್‌ನಿಂದ ಭೀಮಾಶಂಕರಕ್ಕೆ: ಘಟ್ಟದ ಮೆಟ್ಟಿಲು ಅರ್ಥ ಆದ್ರೆ ದಾರಿ ಸುಲಭ

ಪುಣೆ, ಮುಂಬೈಯಲ್ಲಿರೋ ನಮ್ಮವರು ಭೀಮಾಶಂಕರಕ್ಕೆ ಹೋಗೋದು ಹೆಚ್ಚಾಗಿ ಕಾರಲ್ಲಿ, ಇಲ್ಲಾಂದ್ರೆ ಎಸ್‌ಟಿ ಬಸ್ಸಲ್ಲಿ. ಜ್ಯೋತಿರ್ಲಿಂಗದ ದರ್ಶನ ಮುಗಿಸಿ ಸಂಜೆಗೆ ವಾಪಸ್. ಆದ್ರೆ ಕೊಂಕಣದ ಕಡೆಯಿಂದ, ಕರ್ಜತ್ ತಾಲ್ಲೂಕಿನ ಖಾಂಡಸ್ ಹಳ್ಳಿಯಿಂದ, ಕಾಡಿನ ಒಳಗೆ ಹತ್ತಿಕೊಂಡು ಹೋಗೋ ಕಾಲುದಾರಿ ಒಂದಿದೆ. ಡಿಸೆಂಬರ್‌ನ ಒಂದು ಶನಿವಾರ ನಾವು ಐದು ಜನ ಆ ದಾರಿಯಲ್ಲಿ ಹೋಗಿದ್ವಿ. ಈ ಘಟ್ಟ ಹೇಗೆ ನಿಂತಿದೆ ಅಂತ ಮೊದಲೇ ಗೊತ್ತಿದ್ರೆ ಇಡೀ ದಿನದ ಪ್ಲ್ಯಾನ್ ಹೇಗೆ ಬದಲಾಗುತ್ತೆ, ಅದನ್ನ ಇವತ್ತು ಹೇಳ್ತೀನಿ.

ಮೊದಲು ಕಲ್ಲಿನ ವಿಷಯ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಭಾಗದಲ್ಲಿ ಲಾವಾ ಹರೀತು. ಒಂದೇ ಸಲ ಅಲ್ಲ, ಪದರದ ಮೇಲೆ ಪದರವಾಗಿ. ಬೀದರ್, ವಿಜಯಪುರದ ಕಪ್ಪು ಎರೆಮಣ್ಣು ಕೂಡ ಇದೇ ಲಾವಾ ಕಲ್ಲು ಸವೆದು ಆಗಿದ್ದು. ಕೆಲವು ಪದರ ಗಟ್ಟಿ ಬಸಾಲ್ಟ್. ಅದು ಗೋಡೆ ಥರ ನಿಲ್ಲುತ್ತೆ. ಕೆಲವು ಮೆತ್ತಗಿನವು, ಬೇಗ ಸವೆದು ಇಳಿಜಾರು ಆಗ್ತವೆ. ಅಲ್ಲಿ ಮಣ್ಣು ನಿಲ್ಲುತ್ತೆ, ಕಾಡು ಬೆಳೆಯುತ್ತೆ. ಹಾಗಾಗಿ ದೂರದಿಂದ ನೋಡಿದ್ರೆ ಇಡೀ ಘಟ್ಟ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಡೆಕ್ಕನ್ ಟ್ರ್ಯಾಪ್ ಅಂತ ಸ್ಕೂಲಲ್ಲಿ ಓದಿರ್ತೀವಲ್ಲ, ಆ ‘ಟ್ರ್ಯಾಪ್’ ಬಂದಿದ್ದೇ ಮೆಟ್ಟಿಲು ಅನ್ನೋ ಅರ್ಥದ ಸ್ವೀಡಿಷ್ ಪದದಿಂದ.

ಖಾಂಡಸ್ ದಾರಿಯೂ ಹಾಗೇ. ಮೊದಲು ಏರು, ಆಮೇಲೆ ಮಧ್ಯದಲ್ಲಿ ಒಂದು ಸಮತಟ್ಟು, ಮತ್ತೆ ಏರು. ಘಟ್ಟದ ಮಧ್ಯದ ಇಂಥ ಸಮತಟ್ಟಿಗೆ ಮರಾಠಿಯಲ್ಲಿ ‘ಪದರ್’ ಅಂತಾರೆ. ಅಲ್ಲಿರೋ ಪುಟ್ಟ ಹಳ್ಳಿ ಹೆಸರೂ ಪದರ್‌ವಾಡಿ. ಕನ್ನಡದವರಿಗೆ ಇದನ್ನ ನೆನಪಿಟ್ಟುಕೊಳ್ಳೋಕೆ ಕಷ್ಟ ಇಲ್ಲ.

ಎರಡು ದಾರಿ

ಖಾಂಡಸ್ ದಾಟಿದ ಮೇಲೆ ದಾರಿ ಕವಲೊಡೆಯುತ್ತೆ. ಒಂದು ಶಿಡಿ ಘಾಟ್. ಶಿಡಿ ಅಂದ್ರೆ ಏಣಿ. ಗಟ್ಟಿ ಬಂಡೆಯ ಮೆಟ್ಟಿಲನ್ನ ನೇರವಾಗಿ ಹತ್ತೋ ದಾರಿ ಇದು, ಅದಕ್ಕೇ ಬಂಡೆಗೆ ಕಬ್ಬಿಣದ ಏಣಿ ಹಾಕಿದ್ದಾರೆ. ದೂರ ಕಡಿಮೆ, ಅಪಾಯ ಜಾಸ್ತಿ. ಮಳೆಗಾಲದಲ್ಲಿ ಆ ಕಡೆ ಹೋಗಲೇಬೇಡಿ. ಇನ್ನೊಂದು ಗಣೇಶ್ ಘಾಟ್. ಅದು ಬಂಡೆಯನ್ನ ಬಳಸಿಕೊಂಡು, ಒಂದು ಗಣಪತಿ ಗುಡಿ ಮುಂದೆ ಹಾದು ಹೋಗುತ್ತೆ. ಉದ್ದ ಜಾಸ್ತಿ, ಆದ್ರೆ ಏಣಿ ಇಲ್ಲ. ಎರಡೂ ಪದರ್‌ವಾಡಿ ಹತ್ತಿರ ಸೇರ್ತವೆ. ಮೊದಲ ಸಲ ಹೋಗೋರಿಗೆ ಗಣೇಶ್ ಘಾಟೇ ಸರಿ. ನಾವೂ ಅದರಲ್ಲೇ ಹೋದ್ವಿ.

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

‘ಹತ್ತು ಕಿಲೋಮೀಟರ್ ತಾನೇ, ದಿನಾ ಪಾರ್ಕಲ್ಲಿ ಐದು ನಡೀತೀನಿ’ ಅನ್ನೋ ಮಾತು ಕಾಡಲ್ಲಿ ನಡೆಯಲ್ಲ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರ ಕೊಟ್ಟ. ಈಗಿನ ಲೆಕ್ಕದಲ್ಲಿ ಹೇಳೋದಾದ್ರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಜೊತೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿ.ಮೀ. ದಾರಿ, 900 ಮೀಟರ್ ಏರು ಅಂತ ಇಟ್ಕೊಳ್ಳಿ: ಎರಡು ಗಂಟೆ, ಪ್ಲಸ್ ಒಂದೂವರೆ ಗಂಟೆ, ಒಟ್ಟು ಮೂರೂವರೆ.

ಆದ್ರೆ ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದ್ರೆ ಆಗೋ ಲೆಕ್ಕ. ನಮ್ಮ ದಾರಿಯಲ್ಲಿ ಉರುಳುಕಲ್ಲು, ಬೇರು, ಕಲ್ಲಿನ ಮೇಲೆ ಜಾರೋ ಒಣ ತರಗೆಲೆ. ಜೊತೆಗೆ ವಾರವೆಲ್ಲ ಕುರ್ಚಿ ಮೇಲೆ ಕೂತ ಕಾಲು. ಅದಕ್ಕೆ ಬಂದ ಉತ್ತರವನ್ನ ಎರಡರಿಂದ ಗುಣಿಸಿ. ಬೆಳಿಗ್ಗೆ 6.45ಕ್ಕೆ ಖಾಂಡಸ್ ಬಿಟ್ಟ ನಾವು ಮೇಲೆ ತಲುಪಿದಾಗ 1.45. ಸರಿಯಾಗಿ ಏಳು ಗಂಟೆ.

ಬೇಗ ಹೊರಡೋಕೆ ಇನ್ನೊಂದು ಕಾರಣ ಇದೆ. ಘಟ್ಟದ ಈ ಮುಖ ಪಶ್ಚಿಮಕ್ಕಿದೆ. ಸೂರ್ಯ ಬೆಟ್ಟದ ಹಿಂದಿನಿಂದ ಬರಬೇಕು, ಹಾಗಾಗಿ ಬೆಳಗಿನ ಹೊತ್ತು ನೆರಳು ಸಿಗುತ್ತೆ. ಮಧ್ಯಾಹ್ನ ಆದ್ಮೇಲೆ ಬಿಸಿಲು ನೇರ ಮುಖಕ್ಕೇ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗ್ತಾನೆ, ಮರಗಳ ಕೆಳಗೆ ಅದಕ್ಕೂ ಮೊದಲೇ ಕತ್ತಲು.

ಪದರ್‌ವಾಡಿಯಲ್ಲಿ ನಿರ್ಧಾರ

ಹೊರಡೋ ಮೊದಲೇ ನಾವು ಒಂದು ಮಾತು ಮಾಡ್ಕೊಂಡಿದ್ವಿ: 12 ಗಂಟೆಯೊಳಗೆ ಪದರ್‌ವಾಡಿ ಸಿಗದಿದ್ರೆ, ಎಲ್ಲಿದ್ದೀವೋ ಅಲ್ಲಿಂದ ವಾಪಸ್. ಚರ್ಚೆ ಇಲ್ಲ. ನಾವು 10.15ಕ್ಕೆ ತಲುಪಿದ್ವಿ. ಆದ್ರೆ ಅಷ್ಟೊತ್ತಿಗೆ ಕಲಬುರಗಿ ಕಡೆಯ ನಮ್ಮ ಗೆಳೆಯನಿಗೆ ಮಂಡಿ ನೋವು ಶುರುವಾಗಿತ್ತು.

ಸಾಮಾನ್ಯವಾಗಿ ಎಲ್ಲರೂ ‘ಸಾಕು, ಇಳಿಯೋಣ’ ಅಂತಾರೆ. ಆದ್ರೆ ಇಳಿಯುವಾಗ್ಲೇ ಮಂಡಿಗೆ ಭಾರ ಜಾಸ್ತಿ. ಪ್ರತಿ ಹೆಜ್ಜೆಗೂ ಮೈಯ ತೂಕವನ್ನ ಅದೇ ತಡೀಬೇಕು. ಮೇಲೆ ಹೋದ್ರೆ ಏರು ಇದೆ ನಿಜ, ಆದ್ರೆ ಅಲ್ಲಿ ರಸ್ತೆ ಇದೆ, ಪುಣೆಗೆ ಬಸ್ ಇದೆ. ಕೈಯಲ್ಲಿ ಏಳು ಗಂಟೆ ಬೆಳಕಿತ್ತು. ಅರ್ಧ ಗಂಟೆ ಕೂತು, ಮಂಡಿಗೆ ಬಟ್ಟೆ ಬಿಗಿದು, ಅವನ ಬ್ಯಾಗ್ ನಾವು ಹಂಚಿಕೊಂಡು, ಅವನನ್ನೇ ಮುಂದೆ ಬಿಟ್ಟು ಅವನ ವೇಗದಲ್ಲಿ ಹತ್ತಿದ್ವಿ. ಇದೇ ನೋವು ಮಧ್ಯಾಹ್ನ ಎರಡು ಗಂಟೆಗೆ ಶುರುವಾಗಿದ್ರೆ ಪದರ್‌ವಾಡಿಯಲ್ಲೇ ಉಳಿದುಕೊಳ್ಳೋದು ಸರಿಯಾದ ಉತ್ತರ. ಗಡಿಯಾರ ನೋಡಿಯೇ ಇಂಥ ನಿರ್ಧಾರ ತಗೋಬೇಕು.

ನೀರು ಹಿಡಿದು ಇಳೀಬೇಡಿ

ಇದನ್ನ ಮಾತ್ರ ಮರೀಬೇಡಿ. ದಾರಿ ತಪ್ಪಿದ್ರೆ ಹಳ್ಳ ಹಿಡಿದು ಕೆಳಗಿಳಿ, ಊರು ಸಿಗುತ್ತೆ ಅಂತ ಕೇಳಿರ್ತೀವಿ. ಬಯಲುಸೀಮೆಯಲ್ಲಿ ಅದು ನಡೆಯುತ್ತೇನೋ. ಮೆಟ್ಟಿಲಿನ ಘಟ್ಟದಲ್ಲಿ ಹಳ್ಳ ಗಟ್ಟಿ ಬಂಡೆಯ ಅಂಚಿಗೆ ಬಂದ್ರೆ ಜಲಪಾತ ಆಗುತ್ತೆ. ಒಣಗಿದ ಹಳ್ಳವೂ ಅಲ್ಲಿಗೇ ಕರ್ಕೊಂಡು ಹೋಗುತ್ತೆ. ಜಾರಿಕೊಂಡು ಇಳಿದು ಬಂದಿದ್ರೆ ಕೆಳಗೂ ಹೋಗೋಕಾಗಲ್ಲ, ಮೇಲೂ ಹತ್ತೋಕಾಗಲ್ಲ.

ಈ ಕಾಡಲ್ಲಿ ದನ ಓಡಾಡೋ ದಾರಿಗಳೂ ಬೇಕಾದಷ್ಟಿವೆ, ನೋಡೋಕೆ ಎಲ್ಲಾ ಒಂದೇ ಥರ. ಬಂಡೆ ಮೇಲೆ ಬಾಣದ ಗುರುತು, ಸವೆದ ಕಲ್ಲು, ಜನ ನಡೆದ ಜಾಡು ಹತ್ತು ನಿಮಿಷದಿಂದ ಕಂಡಿಲ್ಲ ಅಂದ್ರೆ ಅಲ್ಲೇ ನಿಲ್ಲಿ. ಖಚಿತವಾಗಿ ಸರಿ ಇದ್ದ ಕೊನೇ ಜಾಗಕ್ಕೆ ವಾಪಸ್ ಹೋಗಿ. ಹತ್ತು ನಿಮಿಷದ ನಷ್ಟ, ಅಷ್ಟೇ.

ಕುಡಿಯೋ ನೀರಿಗೂ ಹಳ್ಳ ನಂಬ್ಕೋಬೇಡಿ. ಈ ಕಡಿದಾದ ಬಂಡೆ ನೀರನ್ನ ಹೆಚ್ಚು ದಿನ ಹಿಡಿದಿಡಲ್ಲ, ಮಳೆ ನಿಂತು ಕೆಲವು ತಿಂಗಳಿಗೆ ಹಳ್ಳಗಳು ಬತ್ತುತ್ತವೆ. ತಲಾ ಮೂರು ಲೀಟರ್‌ಗೆ ಕಡಿಮೆ ಬೇಡ. ಓಆರ್‌ಎಸ್, ಚಪಾತಿ-ಚಟ್ನಿಪುಡಿ, ಹೆಡ್‌ಟಾರ್ಚ್, ಸೀಟಿ ಇರಲಿ. ಕೊನೇ ಬಸ್ ಎಷ್ಟು ಗಂಟೆಗೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಮೇಲಿನ ಕಾಡು

ಎರಡನೇ ಮೆಟ್ಟಿಲು ಹತ್ತಿದ ಮೇಲೆ ಮರಗಳು ದಟ್ಟವಾಗ್ತವೆ. ಇಲ್ಲಿ ಶೇಕ್ರು ಸಿಗುತ್ತೆ, ನಮ್ಮ ಮಲೆನಾಡಿನವರ ಕೆಂದಳಿಲು. ಮಹಾರಾಷ್ಟ್ರದ ರಾಜ್ಯಪ್ರಾಣಿ. ನೆಲಕ್ಕೆ ಇಳಿಯೋದು ಅಪರೂಪ, ಮರದಿಂದ ಮರಕ್ಕೇ ಜಿಗಿಯುತ್ತೆ. ಸದ್ದು ಮಾಡದೆ ಎರಡು ನಿಮಿಷ ತಲೆ ಎತ್ತಿ ನಿಂತ್ರೆ ಕಾಣೋ ಸಾಧ್ಯತೆ ಜಾಸ್ತಿ.

ಘಟ್ಟದ ನೆತ್ತಿಯಲ್ಲಿ ನೀರಿನ ದಿಕ್ಕೂ ಬದಲಾಗುತ್ತೆ. ಪಶ್ಚಿಮಕ್ಕೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ. ಪೂರ್ವಕ್ಕೆ ಬಿದ್ದದ್ದು ಭೀಮಾ ನದಿಯಾಗಿ ಪಂಢರಪುರ, ಗಾಣಗಾಪುರ ದಾಟಿ, ರಾಯಚೂರು ಕಡೆ ಕೃಷ್ಣೆಯನ್ನ ಸೇರಿ ಬಂಗಾಳ ಕೊಲ್ಲಿಗೆ. ಗುಡಿ ಹತ್ತಿರ ಮಂಡಿ ನೋವಿನ ಗೆಳೆಯ ಆ ತೆಳು ನೀರು ನೋಡ್ಕೊಂಡು, ‘ನಮ್ಮೂರಾಗ ಇದು ದಾಟಾಕ ದೊಡ್ಡ ಸೇತುವೆ ಬೇಕ್ರೀ’ ಅಂದ. ಸಂಜೆ ಬಸ್ಸಲ್ಲಿ ಕಾಲು ಚಾಚಿಕೊಳ್ಳೋಕೆ ಅವನಿಗೇ ಕಿಟಕಿ ಸೀಟು ಕೊಟ್ವಿ.

ಹೋಗೋ ಪ್ಲ್ಯಾನ್ ಇದ್ರೆ ವಾಪಸ್ ತಿರುಗೋ ಸಮಯವನ್ನ ಈಗಲೇ ಗ್ರೂಪಲ್ಲಿ ಬರೆದಿಡಿ.