ಗಣಕಯಂತ್ರವೋ, ಆಟದ ಪೆಟ್ಟಿಗೆಯೋ?

ವಿಡಿಯೋ ಆಟಗಾರರಲ್ಲಿ ಎರಡು ಪಂಗಡಗಳಿವೆ. ಒಂದು ಗಣಕಯಂತ್ರದಲ್ಲಿ ಆಡುವವರದು, ಇನ್ನೊಂದು ಟಿ.ವಿ.ಗೆ ಜೋಡಿಸುವ ‘ಕನ್ಸೋಲ್’ ಎಂಬ ಪೆಟ್ಟಿಗೆಯವರದು. ಗಣಕಯಂತ್ರದ ಭಾಗಗಳನ್ನು ಬದಲಿಸಬಹುದು. ಅದರಲ್ಲಿ ಪಾಠವನ್ನೂ ಬರೆಯಬಹುದು. ಕನ್ಸೋಲ್ ಆಟಕ್ಕೆಂದೇ ಮಾಡಿದ್ದು, ಜೋಡಿಸಿ ಆಡಿದರಾಯಿತು.

ಯಾವುದು ಮೇಲೆಂಬ ಜಗಳವೇಕೆ? 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರ ಸಂಸ್ಕಾರಕಗಳೂ ಗಣಕಯಂತ್ರದ ಜಾತಿಯವೇ. ಗೋಡೆಯಿರುವುದು ಹೆಚ್ಚಾಗಿ ವ್ಯಾಪಾರದಲ್ಲಿ. ಮೆಚ್ಚಿನ ಆಟವೊಂದನ್ನು ತನ್ನ ಪೆಟ್ಟಿಗೆಗೇ ಮೀಸಲಿಟ್ಟರೆ ಪೆಟ್ಟಿಗೆಯೂ ಮಾರಾಟವಾಗುತ್ತದೆ. ‘ಫೋರ್ಟ್‌ನೈಟ್’ ಆಟದಲ್ಲಿ ಬೇರೆ ಕಂಪನಿಗಳ ಕನ್ಸೋಲಿನವರೊಡನೆ ಆಡಲು ಸೋನಿ ಕಂಪನಿ ಒಪ್ಪಿದ್ದು 2018ರ ಸೆಪ್ಟೆಂಬರಿನಲ್ಲಿ. ಆಗ ಎಲ್ಲರಿಗೂ ಒಂದೇ ಕಣವಾಯಿತು.

ಆದುದರಿಂದ ಮಿತ್ರರೇ, ಮಾರುವವರ ಪೈಪೋಟಿಗಾಗಿ ಗೆಳೆಯರೊಡನೆ ಮುನಿಸೇಕೆ? ಹಿರಿಯರು ಕೊಳ್ಳುವ ಮುನ್ನ ಕೇಳಬೇಕಾದುದು ಇಷ್ಟೇ: ಆಟ ಮುಗಿದ ಮೇಲೆ ಈ ಯಂತ್ರ ಬೇರೇನಕ್ಕೆ ಬಂದೀತು?