ಬಿಸಿಯ ಹದ ಹುಡುಕಿದ ಇಂಧನ ಕೋಶ

ಜಲಜನಕ, ಆಮ್ಲಜನಕ ಸೇರಿ ನೀರಾಗುವಾಗ ವಿದ್ಯುತ್ತನ್ನೂ ಪಡೆಯಬಹುದೆಂದು ವಿಲಿಯಂ ಗ್ರೋವ್ 1839ರಲ್ಲೇ ಕಂಡುಕೊಂಡಿದ್ದರು. ಗಂಧಕಾಮ್ಲದಲ್ಲಿ ಅದ್ದಿದ ಪ್ಲಾಟಿನಂ, ಗಾಜಿನ ನಳಿಕೆಗಳಲ್ಲಿ ಎರಡು ಅನಿಲ; ಅದೇ ಮೊದಲ ಇಂಧನ ಕೋಶ. ಆದರೆ ಅದರಿಂದ ಸಿಕ್ಕ ವಿದ್ಯುತ್ ತೀರಾ ಅಲ್ಪ. ಅದು ನಿಜವಾದ ಕೆಲಸಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ದಾರಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆ: ಕೋಶ ಎಷ್ಟು ಬಿಸಿಯಿರಬೇಕು?

ಲೆಕ್ಕದ ಪ್ರಕಾರ ತಂಪಾಗಿದ್ದಷ್ಟೂ ಒಳ್ಳೆಯದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕೋಶದ ಆದರ್ಶ ವೋಲ್ಟೇಜ್ 1.23, ಗರಿಷ್ಠ ದಕ್ಷತೆ ಶೇ 83. ಬಿಸಿ ಏರಿದಂತೆ ವಿದ್ಯುತ್ತಾಗದೆ ಶಾಖವಾಗಿಯೇ ಹೋಗುವ ಪಾಲು ಬೆಳೆಯುತ್ತದೆ. 80 ಡಿಗ್ರಿಗೆ ವೋಲ್ಟೇಜ್ 1.18ಕ್ಕೂ, 800 ಡಿಗ್ರಿಗೆ ಸುಮಾರು 0.98ಕ್ಕೂ ಇಳಿಯುತ್ತದೆ.

ಕೋಶವನ್ನು ಕೆಲಸಕ್ಕೆ ಹಚ್ಚಿದರೆ ಲೆಕ್ಕ ತಿರುವು ಪಡೆಯುತ್ತದೆ. ಆಮ್ಲಜನಕದ ಅಣು ಸುಲಭವಾಗಿ ಒಡೆಯುವುದಿಲ್ಲ, ಅಯಾನುಗಳ ಹಾದಿಯಲ್ಲಿ ಪ್ರತಿರೋಧವೂ ಇದೆ. ಹೀಗಾಗಿ ಕಾರಿನಲ್ಲಿ ಬಳಸುವಂಥ ಕೋಶ ಹೊರೆ ಹೊತ್ತಾಗ ಕೊಡುವುದು 0.6–0.7 ವೋಲ್ಟ್ ಮಾತ್ರ. ಬಿಸಿ ಏರಿಸಿದರೆ ಈ ಎರಡೂ ನಷ್ಟ ತಗ್ಗುತ್ತವೆ.

ಬ್ರಿಟನ್ನಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ ಹಿಡಿದದ್ದು ಇದೇ ಎಳೆ. ದುಬಾರಿ ಪ್ಲಾಟಿನಂ ಬಿಟ್ಟು ನಿಕ್ಕಲ್, ಆಮ್ಲ ಬಿಟ್ಟು ಕ್ಷಾರ ಬಳಸಿದರು. ನಿಕ್ಕಲ್ ಚುರುಕಾಗಲು 200 ಡಿಗ್ರಿಯಷ್ಟು ಬಿಸಿ ಬೇಕಿತ್ತು. ಆ ಬಿಸಿಯಲ್ಲಿ ಕ್ಷಾರದ ದ್ರಾವಣ ಕುದಿಯದಿರಲು ಭಾರಿ ಒತ್ತಡವೂ ಬೇಕಿತ್ತು. 1959ರಲ್ಲಿ ಅವರ 40 ಕೋಶಗಳ ಜೋಡಣೆ 5 ಕಿಲೋವಾಟ್ ವಿದ್ಯುತ್ ಕೊಟ್ಟಿತು. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿ ಕ್ಷಾರದ ಸಾಂದ್ರತೆ ಹೆಚ್ಚಿಸಿ ಒತ್ತಡ ತಗ್ಗಿಸಿತು. ಆ ಕೋಶಗಳು ಅಪೊಲೊ ನೌಕೆಗೆ ವಿದ್ಯುತ್ ಒದಗಿಸಿದವು. ಅವುಗಳಿಂದ ಬಂದ ನೀರನ್ನೇ ಗಗನಯಾತ್ರಿಗಳು ಕುಡಿದರು.

ಕಡಿಮೆ ಬಿಸಿಯ ದಾರಿ ಹಿಡಿದ ಜನರಲ್ ಎಲೆಕ್ಟ್ರಿಕ್ ಕಂಪನಿ ಪ್ಲಾಸ್ಟಿಕ್ ಪೊರೆಯ ಕೋಶ ತಯಾರಿಸಿತು; ಅದು 1965ರಲ್ಲಿ ಜೆಮಿನಿ–5 ಗಗನನೌಕೆಯಲ್ಲಿ ಹಾರಿತು. ಇಂದಿನ ಇಂಧನ ಕೋಶದ ಕಾರುಗಳಲ್ಲಿರುವುದು ಇದೇ ಬಗೆ. ಪೊರೆಯಲ್ಲಿ ತೇವ ಇದ್ದರಷ್ಟೇ ಪ್ರೋಟಾನ್ ಸಾಗುತ್ತದೆ. ಹಾಗಾಗಿ 60–80 ಡಿಗ್ರಿಯೇ ಅದರ ನೆಲೆ. ಇಸ್ರೊ 2024ರ ಜನವರಿಯಲ್ಲಿ ಕಕ್ಷೆಯಲ್ಲಿದ್ದ ತನ್ನ ಪೊಯೆಮ್–3 ವೇದಿಕೆಯಲ್ಲಿ ಪರೀಕ್ಷಿಸಿದ್ದೂ ಇಂಥ ಪೊರೆಯ ಕೋಶವನ್ನೇ.

ಇನ್ನೊಂದು ತುದಿಯಲ್ಲಿ ಜಿರ್ಕೋನಿಯಾ ಪಿಂಗಾಣಿಯ ಕೋಶವಿದೆ. ಅದರ ಕೆಲಸ 700 ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ. ಪ್ಲಾಟಿನಂ ಬೇಡ, ನೈಸರ್ಗಿಕ ಅನಿಲವೂ ನಡೆಯುತ್ತದೆ, ಉಳಿದ ಶಾಖದಿಂದ ಟರ್ಬೈನನ್ನೂ ತಿರುಗಿಸಬಹುದು. ಆದರೆ ಅವಸರದಲ್ಲಿ ಕಾಯಿಸಿದರೆ ಪಿಂಗಾಣಿ ಬಿರುಕು ಬಿಡುತ್ತದೆ.

ಆದ್ದರಿಂದ ವೋಲ್ಟೇಜೊಂದನ್ನೇ ನೋಡಿ ಇಂಧನ ಕೋಶವನ್ನು ಅಳೆಯಬಾರದು. ಆಗಾಗ ನಿಂತು ಹೊರಡುವ ಬಸ್ಸಿಗೆ 80 ಡಿಗ್ರಿಯದೇ ಸರಿ. ಹಗಲಿರುಳು ನಡೆಯುವ, ಶಾಖವೂ ಬೇಕಿರುವ ಕಾರ್ಖಾನೆಗೆ 700 ಡಿಗ್ರಿಯದು ಲೇಸು.